ತಿಪ್ಪವ್ವ ಬಿತ್ತಿದ ಹುಲ್ಲುಗಾವಲು

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ, ಒಂದು ಹುಣಸೆ ಮರದ ಬುಡದಲ್ಲಿ, ತಿಪ್ಪವ್ವ ಎಂಬ ಮುದಿ ಇಲಿ ಇತ್ತು. ಅದರ ಬಿಲದ ತುಂಬ ಹುಲ್ಲಿನ ಬೀಜ. ವರ್ಷಗಟ್ಟಲೆ ಕೂಡಿಟ್ಟದ್ದು, ಕೂತು ತಿಂದರೂ ಅದರ ಕಾಲಕ್ಕೆ ಸಾಕಾಗುವಷ್ಟಿತ್ತು.

ತಿಪ್ಪವ್ವ ಹುಟ್ಟಿ ಬೆಳೆದದ್ದು ಕಾಡಿನಾಚೆಯ ಹುಲ್ಲುಗಾವಲಿನಲ್ಲಿ. ಈಗ ಅಲ್ಲಿ ಹುಲ್ಲೇ ಇರಲಿಲ್ಲ. ದನಗಳು ಬುಡಸಮೇತ ಮೇಯ್ದು ನೆಲ ಬೋಳಾಗಿತ್ತು; ಮೇಯಲು ಏನೂ ಉಳಿಯದೆ ಅವೂ ಬರುವುದನ್ನು ಬಿಟ್ಟಿದ್ದವು. ಕೃಷ್ಣಮೃಗ, ಲಾವುಗೆ ಹಕ್ಕಿ ಎಲ್ಲವೂ ದಿಕ್ಕಿಗೊಂದಾಗಿ ಹೊರಟುಹೋಗಿದ್ದವು.

ಸಂಜೆಯಾದರೆ ತಿಪ್ಪವ್ವ ಆ ಕಡೆಗೇ ಮುಖ ಮಾಡಿ ಕೂರುತ್ತಿತ್ತು.

"ಕಾರ್ತಿಕದಲ್ಲಿ ಹುಲ್ಲೆಲ್ಲ ಬಲಿತು ಕೆಂಪಗಾಗ್ತಿತ್ತು. ಗಾಳಿ ಬೀಸಿದರೆ ಇಡೀ ಬಯಲೇ ಎದ್ದು ನಡೆದ ಹಾಗೆ. ನಮ್ಮವ್ವ ತೆನೆ ಬಗ್ಗಿಸಿ ಹಿಡಿಯೋಳು, ನಾವು ಮಕ್ಕಳೆಲ್ಲ ಅದರ ಮೇಲೆ ಜೋಕಾಲಿ ಆಡ್ತಿದ್ವಿ."

ಮರದ ಮೇಲಿದ್ದ ಹೆಣ್ಣು ನವಿಲು ಚಂದ್ರಿ ನಕ್ಕಿತು. "ಒಂದು ಮರವಿಲ್ಲ, ನೆರಳಿಲ್ಲ. ಬರೀ ಹುಲ್ಲಿಗೆ ಇಷ್ಟು ಕೊರಗಬೇಕಾ ಅಜ್ಜಿ?"

ಮೊದಲ ಮಳೆ ಬಿದ್ದ ಬೆಳಿಗ್ಗೆ ತಿಪ್ಪವ್ವ ಬೀಜವನ್ನೆಲ್ಲ ಹೊರತೆಗೆದು, ಬಾಯಿ ತುಂಬಿಕೊಂಡು ಬಯಲಿಗೆ ಒಯ್ದು ಬಿತ್ತತೊಡಗಿತು.

"ಈ ವಯಸ್ಸಿನಲ್ಲಿ ನೀನೇನು ತಿಂತೀಯಾ?" ಎಂದಿತು ಚಂದ್ರಿ.

"ಸಿಕ್ಕಿದ್ದು ತಿಂತೀನಿ. ಆ ಬಯಲು ನನ್ನನ್ನ ಸಾಕಿತ್ತು. ಅದು ಹಾಗೆ ಬಿದ್ದಿರೋವಾಗ ಈ ಕಾಳು ನನಗೆ ರುಚಿಸೋದಿಲ್ಲ."

"ಮುದುಕಿಗೆ ಅರಳುಮರಳು!"

ಆ ಮಳೆಗಾಲವನ್ನು ತಿಪ್ಪವ್ವ ಬೇರು ಕಡಿದು, ಹುಳ ತಿಂದು ದೂಡಿತು. ಮೈ ಸೊರಗಿ ಎಲುಬು ಕಂಡವು. ಬಯಲು ಮಾತ್ರ ಹಸಿರಾಯಿತು. ಮರುವರ್ಷ ಹುಲ್ಲು ಎದೆಮಟ್ಟ ಬೆಳೆದು, ಲಾವುಗೆಗಳು ಬಂದವು, ಹಿಂದೆಯೇ ಮರಿ ಕಟ್ಟಿಕೊಂಡು ಕೃಷ್ಣಮೃಗಗಳು. ತಿಪ್ಪವ್ವನೂ ಅಲ್ಲಿಗೇ ಹೋಗಿ ಹೊಸ ಬಿಲ ತೋಡಿತು.

ಇತ್ತ ಚಂದ್ರಿ ಹುಣಸೆ ಮರದಡಿ, ಬರಿ ನೆಲದಲ್ಲಿ ಮೊಟ್ಟೆ ಇಟ್ಟಿತ್ತು. ನರಿ ಅಷ್ಟನ್ನೂ ತಿಂದುಹೋಯಿತು. ಎರಡನೆಯ ಸಲ ಮೊಟ್ಟೆ ಇಡುವ ಹೊತ್ತಿಗೆ ಚಂದ್ರಿ ತಲೆ ತಗ್ಗಿಸಿ ಹುಲ್ಲಿನಂಚಿಗೆ ಬಂದು ನಿಂತಿತು.

"ಅಜ್ಜಿ, ನನಗೆ ಒಂದಿಷ್ಟು ಜಾಗ ಕೊಡ್ತೀಯಾ?"

"ಕೇಳೋದೇನಿದೆ? ಬಾ ಒಳಗೆ."

ಮೊಟ್ಟೆಯೊಡೆದು ಮರಿಗಳಾದವು. ಒಂದು ದಿನ ನರಿ ಮೂಸುತ್ತ ಬಂದಿತು. ಚಂದ್ರಿ ಕೂಗಿ ಮೇಲೆ ಹಾರಿತು. ಮರಿಗಳು ಹುಲ್ಲಿಗೆ ನುಗ್ಗಿದವು. ನರಿ ಅಲ್ಲೆಲ್ಲ ಸುತ್ತಾಡಿ, ಸಾಕಾಗಿ, ಬರಿಹೊಟ್ಟೆಯಲ್ಲಿ ಹೋಯಿತು.

ಚಂದ್ರಿ ಇಳಿದು ಬಂದು ಹುಡುಕಿದರೆ ಒಂದು ಮರಿಯೂ ಇಲ್ಲ. "ಅಜ್ಜಿ! ನನ್ನ ಮಕ್ಕಳು ಕಾಣ್ತಿಲ್ಲ!"

"ಅಳಬೇಡ ತಾಯಿ. ಹೆತ್ತ ನಿನಗೇ ಕಾಣದಿದ್ದರೆ, ನರಿಗೆ ಕಂಡಾವಾ?"

ಅಷ್ಟರಲ್ಲಿ ಚಂದ್ರಿಯ ಕಾಲ ಬಳಿಯೇ ಹುಲ್ಲು ಅಲುಗಿ ಒಂದು ಪುಟ್ಟ ತಲೆ ಹೊರಬಂತು.

ನೀತಿ: ಪ್ರೀತಿಸಿದ ನೆಲಕ್ಕೆ ಮನಸಾರೆ ಕೊಟ್ಟದ್ದು, ಅದನ್ನು ಕಂಡು ನಕ್ಕವರ ಮಕ್ಕಳನ್ನೂ ಕಾಯುತ್ತದೆ.