ಹಟಮಾರಿಯ ಗೋಡೆ

ಫ್ರಾನ್ಸಿನಲ್ಲಿ ಬರ್ಗಂಡಿ ಸೀಮೆ ಮುಗಿದು ಬೋಜೊಲೆ ಸೀಮೆ ಶುರುವಾಗುವ ಕಡೆ ಒಂದು ಗುಡ್ಡವಿದೆ. ಅದರ ನಡುವೆ ಗಾರೆ ಕಾಣದ ಒಂದು ಮೋಟುಗೋಡೆ. ಹೆಸರು ಹಟಮಾರಿಯ ಗೋಡೆ. ಆ ದೇಶದಲ್ಲಿ ಸೀಮೆಗೊಂದು ದ್ರಾಕ್ಷಿ, ಸೀಮೆಗೊಂದು ವೈನ್. ಬೋರ್ಡೊದವರು ನಾಲ್ಕಾರು ಜಾತಿಯ ಹಣ್ಣು ಬೆರೆಸುತ್ತಾರೆ. ಆಲ್ಸೇಸಿನವರಿಗೆ ರೀಸ್ಲಿಂಗ್ ಎಂಬ ಬಿಳಿದ್ರಾಕ್ಷಿಯೆಂದರೆ ಪ್ರಾಣ. ಈ ಗೋಡೆಯ ಉತ್ತರಕ್ಕೆ ಪೀನೋ ನ್ವಾರ್ ಎಂಬ ಕರಿದ್ರಾಕ್ಷಿಯ ದರ್ಬಾರು, ದಕ್ಷಿಣಕ್ಕೆ ಗಮೆ ಎಂಬ ಇನ್ನೊಂದು ಕರಿದ್ರಾಕ್ಷಿಯದು. ಏಕೆಂದು ಕೇಳಿದರೆ ಪಂಡಿತರು ಮಣ್ಣಿನ ಗುಣ ಹೇಳುತ್ತಾರೆ. ಊರಿನ ಹಿರಿಯರು ಪೆರಿನ್ ಎಂಬ ಹೆಂಗಸಿನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಪ್ಲೇಗು ಊರೂರನ್ನೇ ಗುಡಿಸಿಕೊಂಡು ಹೋದ ಕಾಲದಲ್ಲಿ, ಪೆರಿನ್ ಗಂಡನನ್ನು ಮಣ್ಣುಮಾಡಿ ಬಂದು, ಗೋಡೆಯ ಉತ್ತರದ ತೋಟದಲ್ಲಿ ಗಮೆ ನೆಟ್ಟಳಂತೆ. ಪೀನೋ ನಾಜೂಕಿನ ಬಳ್ಳಿ. ಆರೈಕೆ ಬೆಟ್ಟದಷ್ಟು, ಫಸಲು ಬೊಗಸೆಯಷ್ಟು. ಗಮೆ ಬೇಗ ಹಣ್ಣಾಗುತ್ತದೆ, ಬುಟ್ಟಿ ತುಂಬ ಕೊಡುತ್ತದೆ. ಅವಳ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ತುಂಬುತ್ತಿದ್ದುದೇ ಅದರಿಂದ. ಆದರೆ ಬರ್ಗಂಡಿಯ ದೊರೆಗೆ ತನ್ನ ಸೀಮೆಯ ವೈನಿನ ಹೆಸರು ಕೆಡುವ ಚಿಂತೆ. ಗಮೆ ನೀಚ ಬಳ್ಳಿ, ಬುಡಸಹಿತ ಕಿತ್ತುಹಾಕಿ ಎಂದು ಡಂಗುರ ಹೊಡೆಸಿದ. ಅರಮನೆಯಲ್ಲಿ ಕೂತು ಕುಡಿಯುವವನಿಗೆ ಹಸಿದ ಮಕ್ಕಳ ಮುಖ ಹೇಗೆ ಕಂಡೀತು!

ಆ ಗೋಡೆಯೇ ದೊರೆಯ ನಾಡಿನ ಗಡಿ. ಆಚೆಯದು ಬೇರೊಬ್ಬ ಪಾಳೆಯಗಾರನ ಸೀಮೆ. ಅಲ್ಲಿ ಅವಳ ತವರಿನವರ ಕಲ್ಲುನೆಲ ಪಾಳುಬಿದ್ದಿತ್ತು, ಕುರಿಗಳೂ ಮೂಸುತ್ತಿರಲಿಲ್ಲ. ದ್ರಾಕ್ಷಿ ತೋಟದವರಲ್ಲಿ ಒಂದು ಪದ್ಧತಿಯುಂಟು: ಸಾಲಿನಲ್ಲೊಂದು ಗಿಡ ಸತ್ತರೆ, ಪಕ್ಕದ ಬಳ್ಳಿಯ ಕುಡಿಯನ್ನು ಕತ್ತರಿಸದೆ ಬಗ್ಗಿಸಿ ಆ ಜಾಗದಲ್ಲಿ ಹೂಳುತ್ತಾರೆ, ಬೇರು ಬಿಟ್ಟ ಮೇಲೆ ತಾಯಿಯಿಂದ ಬಿಡಿಸುತ್ತಾರೆ. ಪೆರಿನ್ ಗೋಡೆಯ ಬುಡದ ಕಲ್ಲು ಸಡಿಲಿಸಿ, ಕಂಡಿಗಳಲ್ಲಿ ಕುಡಿಗಳನ್ನು ತೂರಿಸಿ ಆಚೆ ಹೂತಳು.

"ಅಮ್ಮಾ, ಈ ಕಲ್ಲಲ್ಲಿ ಬೇರು ಬಿಡುತ್ತಾ?" ಎಂದಳು ಹಿರಿಮಗಳು.

"ಬಿಡದೆ ಏನು ಮಾಡುತ್ತೆ? ನಾವು ಬದುಕಿಲ್ಲವಾ?"

ದೊರೆಯ ಅಧಿಕಾರಿ ಊರೂರು ತಿರುಗಿ ಈ ಗುಡ್ಡ ಮುಟ್ಟುವ ಹೊತ್ತಿಗೆ ಇನ್ನೊಂದು ಕೊಯ್ಲು ಮುಗಿದಿತ್ತು; ಆಚೆ ಬೇರು ಬಿಟ್ಟ ಕುಡಿಗಳನ್ನು ಪೆರಿನ್ ತಾಯಿಬಳ್ಳಿಗಳಿಂದ ಬಿಡಿಸಿಯೂ ಆಗಿತ್ತು. ಆಳುಗಳು ಬಳ್ಳಿಗೆ ಕೈಹಾಕುವ ಮೊದಲೇ ಪೆರಿನ್, "ನೆಟ್ಟವಳು ನಾನು, ಕೀಳುವವಳೂ ನಾನೇ," ಎಂದು ಗುದ್ದಲಿ ಹಿಡಿದಳು. ತಾಯಿಬಳ್ಳಿಗಳೆಲ್ಲ ಬೆಂಕಿಗೆ ಬಿದ್ದ ಮೇಲೆ ಅಧಿಕಾರಿಯ ಕಣ್ಣು ಗೋಡೆಯಾಚೆ ಹೋಯಿತು. ಕಲ್ಲುಗಳ ನಡುವೆ ಸಾಲಾಗಿ ಎಳೆಯ ಗಮೆ!

"ಹಟಮಾರಿ ಹೆಂಗಸೇ, ಅದನ್ನೂ ಕೀಳು!"

"ನಿಮ್ಮ ದೊರೆಯ ಮಾತು ಅಲ್ಲಿ ನಡೆಯೋದಾದರೆ ನೀವೇ ದಾಟಿ ಹೋಗಿ ಕೀಳಿ, ಸ್ವಾಮಿ," ಎಂದವಳೇ ಮಕ್ಕಳ ಕೈಹಿಡಿದು ಗೋಡೆ ದಾಟಿ ಆ ಕಡೆ ನಿಂತಳು. ಪರರ ಸೀಮೆಗೆ ಕಾಲಿಟ್ಟು ಯುದ್ಧ ಮೈಮೇಲೆ ಎಳೆದುಕೊಳ್ಳುವ ಧೈರ್ಯ ಅಧಿಕಾರಿಗಿರಲಿಲ್ಲ. ಹಲ್ಲು ಕಡಿಯುತ್ತ ಕುದುರೆ ತಿರುಗಿಸಿದ. ಪೆರಿನ್ ಮತ್ತೆಂದೂ ಈಚೆಗೆ ಬರಲಿಲ್ಲ ಎನ್ನುತ್ತಾರೆ.

ಅವನ ಬೈಗುಳವನ್ನೇ ಊರವರು ಗೋಡೆಗೆ ಹೆಸರಾಗಿ ಇಟ್ಟರು. ಅದರ ಬುಡದಲ್ಲಿ ತೋಳು ತೂರುವಷ್ಟು ಅಗಲದ ಕಂಡಿಗಳನ್ನು ಇಂದಿಗೂ ನೋಡಬಹುದು. ಗೋಡೆ ಕುಸಿದಾಗಲೆಲ್ಲ ಮತ್ತೆ ಕಟ್ಟುತ್ತಾರೆ; ಕಂಡಿಗಳನ್ನು ಮಾತ್ರ ಮುಚ್ಚುವುದಿಲ್ಲ. ಪೇಟೆಯಿಂದ ಬಂದವರು ಗಮೆಯನ್ನು ಬಡವರ ವೈನೆಂದು ಮೂಗು ಮುರಿದರೆ, ಅಲ್ಲಿಯ ಮುದುಕಿಯರು ಲೋಟ ತುಂಬಿಸಿ ಮುಂದಿಡುತ್ತಾರೆ.

"ಕೀಳಿಸಿದ ದೊರೆ ಹೋದ. ಬಳ್ಳಿ ಇದೆ. ಕುಡೀರಿ."