ಬಳೆಗಾರ್ತಿಯ ಕೋಳಿಮರಿಗಳು

"ಗುರುಗಳೇ, ನಾನೇ ಕಾಣದ್ದನ್ನು ಇನ್ನೊಬ್ಬರಿಗೆ ಹೇಗೆ ತೋರಿಸಲಿ?" ಎಂದು ಸಂಗಯ್ಯ ಕೇಳಿದ.

ಕಲ್ಲುಗಣಿಯ ಕೆಲಸಗಾರರು ಮಠಕ್ಕೆ ಬಂದು, ನಮ್ಮ ಕೇರಿಗೆ ಧ್ಯಾನ ಹೇಳಿಕೊಡಲು ಯಾರನ್ನಾದರೂ ಕಳಿಸಿ ಎಂದು ಬೇಡಿಕೊಂಡಿದ್ದರು. ಗುರುಗಳು ಸಂಗಯ್ಯನ ಹೆಸರು ಹೇಳಿದ್ದರು. ಸಂಗಯ್ಯ ಬಟ್ಟೆಯ ಗಂಟು ಕಟ್ಟಿದ, ಮತ್ತೆ ಬಿಚ್ಚಿದ. ವರ್ಷಗಟ್ಟಲೆ ಕಣ್ಣು ಮುಚ್ಚಿ ಕೂತರೂ ತನಗೆ ಏನೂ ದಕ್ಕಿಲ್ಲವೆಂಬ ಅಳುಕು ಅವನಿಗೆ. ಹೋಗಲಾರೆ ಎಂದು ಹೇಳಿಬಿಡಲು ಬಂದಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಕೂತುಕೋ. ಒಂದು ಕೋಳಿಮರಿಯ ಕತೆ ಹೇಳುತ್ತೇನೆ," ಎಂದರು. "ನಗಬೇಡ. ಮಠದಲ್ಲಿ ಕೋಳಿಯ ಮಾತೆತ್ತಬಾರದೆಂದು ಯಾರೂ ಹೇಳಿಲ್ಲ."

ಒಂದೂರಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದವಳು. ಗಂಡ ಎಂದೋ ತೀರಿಕೊಂಡಿದ್ದ, ಹೆತ್ತ ಮಕ್ಕಳಿಲ್ಲ. ಒಂದು ದಿನ ಮೊಣಕಾಲು ಕೈಕೊಟ್ಟಿತು. ತಮ್ಮ ಬಂದು, ಅಕ್ಕಾ, ನಮ್ಮ ಮನೆಗೆ ಬಂದುಬಿಡು ಎಂದ. ಒಳ್ಳೆಯವನೇ. ಆದರೆ ಇವಳದು ಒಂದೇ ಹಟ. ಕೈಯಾಡುವ ತನಕ ಇನ್ನೊಬ್ಬರ ಅನ್ನಕ್ಕೆ ಕಾಯಲಾರೆ, ಮನೆಯಲ್ಲಿ ಕೂತೇ ಕೋಳಿ ಸಾಕುತ್ತೇನೆ ಎಂದಳು. ಅಲ್ಲಿಯ ತನಕ ಒಂದು ಕೋಳಿಯನ್ನೂ ಸಾಕಿದವಳಲ್ಲ. ಇರಲಿ, ಹಟ ಹಿಡಿಯುವುದಕ್ಕೆ ಅನುಭವ ಬೇಕೇ?

ದೂರದ ಊರಿನ ಮರಿಕೇಂದ್ರಕ್ಕೆ ಫೋನು ಮಾಡಿ, ಮರಿ ಕಳಿಸಲು ಹೇಳಿದಳು. ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳು ಬಸ್ಸಿನಲ್ಲಿ ಬಂದಿಳಿದವು. ಯಂತ್ರದಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳು, ತಾಯಿಯ ಮುಖ ಕಂಡವಲ್ಲ. ಬಳೆಗಾರ್ತಿಗೆ ಹಿಗ್ಗೋ ಹಿಗ್ಗು. ಮನೆಗೆ ಹೊಸ ಜೀವಗಳು ಬಂದವಲ್ಲ! ಪೆಟ್ಟಿಗೆಯನ್ನು ಹೊಸ್ತಿಲಲ್ಲಿಟ್ಟು ಆರತಿ ಎತ್ತಿದಳು, ದೃಷ್ಟಿ ತೆಗೆದಳು. ಬೆಚ್ಚಗಿರಲೆಂದು ಅವುಗಳ ಮೇಲೆ ಬಲ್ಬು ತೂಗುಹಾಕಿದಳು. ಹಬ್ಬಕ್ಕೆ ಮಾತ್ರ ಹೊರಗೆ ಬರುವ ಕಂಚಿನ ತಟ್ಟೆಯನ್ನು ಫಳಫಳ ಬೆಳಗಿ, ಅದರ ತುಂಬ ಅಕ್ಕಿನುಚ್ಚು ಹಾಕಿ ಮುಂದಿಟ್ಟಳು. ಅವಳ ಕೈಯಲ್ಲಿ ಬಳೆ ತೊಟ್ಟ ಮದುಮಗಳಿಗೂ ಅಂಥ ಮರ್ಯಾದೆ ಸಿಕ್ಕಿರಲಿಲ್ಲ.

ಮರಿಗಳು ತಟ್ಟೆಯ ಸುತ್ತ ನಿಂತವು. ತಿನ್ನಲಿಲ್ಲ. ಬಾ ಬಾ ಬಾ ಎಂದು ಕರೆದಳು. ಕೇರಿಯ ಕೋಳಿಗಳೆಲ್ಲ ಅವಳ ಅಂಗಳಕ್ಕೆ ಓಡಿಬಂದವು, ಇವು ಕದಲಲಿಲ್ಲ. ಮುದ್ದು ಮಾಡಿದಳು, ಗದರಿದಳು. ಕೊಕ್ಕನ್ನು ನೀರಿಗೆ ಅದ್ದಿದಳು, ನೀರು ಕುಡಿದವು. ಕೊಕ್ಕು ಬಿಡಿಸಿ ನುಚ್ಚು ತುರುಕಿದಳು, ಉಗುಳಿಬಿಟ್ಟವು. ಮಾರನೆಯ ಬೆಳಗ್ಗೆ ಒಂದು ಮರಿ ಅವಳ ಅಂಗೈಯಲ್ಲೇ ಕತ್ತು ಚೆಲ್ಲಿತು. ಬಳೆಗಾರ್ತಿ ಗೋಳೋ ಎಂದು ಅತ್ತಳು. ನಾನು ಹೆತ್ತವಳಲ್ಲ, ಅದಕ್ಕೇ ನನ್ನ ಕೈಯಲ್ಲಿ ಜೀವ ನಿಲ್ಲುವುದಿಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಅಳು ಕೇಳಿ ಪಕ್ಕದ ಮನೆಯ ಮುದುಕಿ ಬಂದಳು. ಮುದುಕಿಯ ಬಾಯಿ ಬಲು ಖಾರ.

"ಹಸಿವೇನೋ ಇದೆ ಕಣೇ ಅವಕ್ಕೆ. ಇದು ತಿನ್ನುವ ವಸ್ತು ಎಂದು ಗೊತ್ತಿಲ್ಲ, ಅಷ್ಟೇ. ಮೊಟ್ಟೆಯ ಹಳದಿ ಹೊಟ್ಟೆಯಲ್ಲಿರುವ ತನಕ ಬದುಕುತ್ತವೆ. ಅದು ಇವತ್ತೋ ನಾಳೆಯೋ ಮುಗಿಯುತ್ತದೆ, ಆಮೇಲೆ ಎಲ್ಲ ಒಟ್ಟಿಗೆ ಹೋಗುತ್ತವೆ. ತಾಯಿಕೋಳಿ ಇದ್ದಿದ್ದರೆ ನೆಲ ಕುಕ್ಕಿ ಕುಕ್ಕಿ ತೋರಿಸುತ್ತಿತ್ತು. ನಿನಗೇನು ಕೊಕ್ಕಿದೆಯೇ? ನೀನು ಕುಕ್ಕುತ್ತೀಯಾ?"

"ಕುಕ್ಕುತ್ತೇನೆ, ದೊಡ್ಡವ್ವ," ಎಂದಳು ಬಳೆಗಾರ್ತಿ.

ಮುದುಕಿ ನಕ್ಕಳು. ಇವಳು ನಗಲಿಲ್ಲ. ಕಂಚಿನ ತಟ್ಟೆಯನ್ನು ಎತ್ತಿ ಒಳಗಿಟ್ಟಳು. ಹಳೆಯ ಪೇಪರು ಹಾಸಿ ಅದರ ಮೇಲೆ ನುಚ್ಚು ಚೆಲ್ಲಿದಳು. ಬಗ್ಗದ ಮೊಣಕಾಲನ್ನು ಹೇಗೋ ಬಗ್ಗಿಸಿ ನೆಲದ ಮೇಲೆ ಕೂತಳು. ತೋರುಬೆರಳು ಬಾಗಿಸಿ ಕಾಳಿನ ನಡುವೆ ಟಕ್ ಟಕ್ ಎಂದು ಕುಕ್ಕತೊಡಗಿದಳು. ಬಾಯಲ್ಲಿ ಕೊಕ್ ಕೊಕ್ ಎಂದಳು. ದಾರಿಹೋಕರು ಬಾಗಿಲಲ್ಲಿ ಇಣುಕಿ, ಬಳೆಗಾರ್ತಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ಆಡಿಕೊಳ್ಳಲಿ. ಎಂಥೆಂಥ ಒರಟು ಕೈಗಳಿಗೂ ಬಳೆ ಒಡೆಯದಂತೆ ಏರಿಸಿದ ಬೆರಳು ಅದು, ತಾಳ್ಮೆ ಅದಕ್ಕೆ ಹೊಸದಲ್ಲ. ಬಿಸಿಲೇರಿತು. ಬೆರಳಿನ ತುದಿ ಕೆಂಪಾಯಿತು. ಮರಿಗಳು ಸುಮ್ಮನೆ ನೋಡುತ್ತ ನಿಂತವು. "ನಿಮ್ಮ ಹಟ ಹೆಚ್ಚೋ, ನನ್ನ ಹಟ ಹೆಚ್ಚೋ, ನೋಡಿಯೇ ಬಿಡೋಣ," ಎಂದಳು.

ಕೊನೆಗೆ ಒಂದು ಮರಿ ಮುಂದೆ ಬಂದಿತು. ಕತ್ತು ಓರೆ ಮಾಡಿ ಬೆರಳನ್ನು ನೋಡಿತು. ಬೆರಳು ಕುಕ್ಕಿದ ಕಡೆ ತಾನೂ ಕುಕ್ಕಿತು. ಬಾಯಿಗೆ ನುಚ್ಚು ಸಿಕ್ಕಿತು. ಸಿಕ್ಕಿದ್ದೇ ತಡ, ಮತ್ತೆ ಕುಕ್ಕಿತು. ಅದನ್ನು ನೋಡಿ ಇನ್ನೊಂದು, ಆ ಇನ್ನೊಂದನ್ನು ನೋಡಿ ಮತ್ತೊಂದು. ಹೊತ್ತಿಳಿಯುವಷ್ಟರಲ್ಲಿ ಪೇಪರಿನ ಮೇಲೆ ಒಂದೇ ಸಮನೆ ಟಪಟಪ ಸದ್ದು. ಮುದುಕಿ ಮತ್ತೆ ಬಂದು ನೋಡಿ, ಅಯ್ಯೋ ನಿನ್ನ, ಎಂದು ಮೂಗಿನ ಮೇಲೆ ಬೆರಳಿಟ್ಟಳು. ಬಳೆಗಾರ್ತಿಯ ಕಣ್ಣಲ್ಲಿ ಸಂತೋಷಕ್ಕೆ ನೀರು ಬಂದಿತ್ತು. ಆದರೂ ಅವಳು ಕುಕ್ಕುವುದನ್ನು ನಿಲ್ಲಿಸಿರಲಿಲ್ಲ. ಮೂಲೆಯಲ್ಲಿದ್ದ ಒಂದು ಮರಿ ಇನ್ನೂ ಕಲಿತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆ ಮರಿಯೂ ಕಲಿಯಿತೇ?" ಎಂದು ಸಂಗಯ್ಯ ತಡೆಯಲಾರದೆ ಕೇಳಿದ.

"ಕಲಿಯಿತು. ಎಲ್ಲ ಬೆಳೆದು, ಮರಿ ಮಾಡಿ, ತಮ್ಮ ಮರಿಗಳಿಗೆ ಕೊಕ್ಕಿನಿಂದಲೇ ಕುಕ್ಕಿ ತೋರಿಸಿದವು. ಬಳೆಗಾರ್ತಿ ಈಗಲೂ ತಮ್ಮನ ಮನೆಗೆ ಹೋಗುತ್ತಾಳೆ. ಹಬ್ಬಕ್ಕೆ, ಬುಟ್ಟಿ ತುಂಬ ಮೊಟ್ಟೆ ತೆಗೆದುಕೊಂಡು."

ಸಂಗಯ್ಯ ಅಷ್ಟಕ್ಕೇ ಬಿಡುವವನಲ್ಲ. "ಅವಳ ಮಾತು ಬೇರೆ, ಗುರುಗಳೇ. ಅವಳು ದಿನವೂ ಉಣ್ಣುವವಳು, ಅನ್ನದ ರುಚಿ ಗೊತ್ತಿದ್ದವಳು. ನನಗೆ ಯಾವ ರುಚಿ ಗೊತ್ತು?"

ಗುರುಗಳು ಅವನ ಬಲಗೈಯನ್ನು ಹಿಡಿದು, ತೋರುಬೆರಳನ್ನು ಅವನ ಕಣ್ಣ ಮುಂದೆ ಎತ್ತಿದರು.

"ಅವಳಿಗೆ ಗೊತ್ತಿತ್ತಪ್ಪಾ, ಕುಕ್ಕಿದ ಬೆರಳಿಗೆ ಗೊತ್ತಿತ್ತೇ?"

ಸಂಗಯ್ಯ ಎದ್ದು ಹೋಗಿ, ಬಿಚ್ಚಿಟ್ಟ ಬಟ್ಟೆಯ ಗಂಟನ್ನು ಮತ್ತೆ ಕಟ್ಟಿದ.