ಗುರುಬಸವ್ವನ ರೇಡಿಯೋ

ಶಂಭುಲಿಂಗನ ಕೈ ಚುರುಕು. ಆ ಕೈಯ ಬಗ್ಗೆ ಅವನಿಗಿದ್ದ ಹೆಮ್ಮೆ ಇನ್ನೂ ಚುರುಕು.

ತುಂಗಭದ್ರೆಯ ದಂಡೆಯ ಮೇಲೆ ದಸ್ತಗೀರ ಸಾಹೇಬರ ರೇಡಿಯೋ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಕೋಣೆ, ಒಂದು ಬೆಂಚು, ಹೊಳೆ ಕಾಣುವ ಒಂದು ಕಿಟಕಿ. ಅಲ್ಲಿ ಶಂಭು ಏಳು ವರ್ಷ ವಿದ್ಯೆ ಕಲಿತಿದ್ದ. ಸಾಹೇಬರನ್ನು ಅವನು ಉಸ್ತಾದ್ ಎಂದು ಕರೆಯುತ್ತಿದ್ದ.

ಒಮ್ಮೆ ಉಸ್ತಾದರು ತಂಗಿಯ ಮಗಳ ಮದುವೆಗೆಂದು ನಾಲ್ಕು ದಿನ ಪರವೂರಿಗೆ ಹೋದರು. ಅಂಗಡಿಯ ಕೀಲಿ ಶಂಭುವಿನ ಕೈಗೆ ಬಂತು. ಅವನಿಗೆ ನೆಲದ ಮೇಲೆ ಕಾಲು ನಿಲ್ಲದಂತಾಯಿತು.

ಅದೇ ದಿನ ಗುರುಬಸವ್ವ ಬಂದಳು. ಪೇಟೆಯಲ್ಲಿ ಖಾನಾವಳಿ ನಡೆಸುವಾಕೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಳೆಯ ವಾಲ್ವ್ ರೇಡಿಯೋ.

"ನಿನ್ನೆಯಿಂದ ಬರೇ ಬುಸುಗುಡತೈತಿ ತಮ್ಮಾ. ಹಾಡಂಗಿಲ್ಲ, ಮಾತಾಡಂಗಿಲ್ಲ. ನಮ್ಮ ಅತ್ತಿ ತಂದದ್ದು ಇದು. ಜ್ವಾಕಿ."

"ಬಿಟ್ಟು ಹೋಗ್ರಿ ಅಕ್ಕಾರ. ನಿಮಗ ಗುರುತು ಹತ್ತದಂಗ ಮಾಡಿ ಕೊಡ್ತೀನಿ."

ಹೇಳಿದ ಹಾಗೆಯೇ ಮಾಡಿದ. ಗಾಜಿನ ಬುರುಡೆಯಂಥ ವಾಲ್ವು, ಟ್ರಾನ್ಸ್‌ಫಾರ್ಮರು, ತಂತಿ, ಒಳಗಿದ್ದದ್ದನ್ನೆಲ್ಲ ಕಿತ್ತು ತೆಗೆದ. ಬೆಂಕಿಪೆಟ್ಟಿಗೆಯಷ್ಟು ಬ್ಲೂಟೂತ್ ಬೋರ್ಡು ಕೂರಿಸಿದ. ಹೊಸ ಸ್ಪೀಕರು ಹಾಕಿದ, ಚಾರ್ಜ್ ಆಗುವ ಬ್ಯಾಟರಿ ಹಾಕಿದ, ಸ್ಟೇಷನ್ ತೋರಿಸುವ ಮುಳ್ಳನ್ನು ಮಾತ್ರ ಅಂದಕ್ಕೆ ಬಿಟ್ಟು, ಗಾಜಿನ ಹಿಂದೆ ನೀಲಿ ದೀಪ ಬೇರೆ ಹಚ್ಚಿದ. ಮರದ ಪೆಟ್ಟಿಗೆಗೆ ಪಾಲಿಶ್ ಹೊಡೆದು ಮುಖ ಕಾಣುವಂತೆ ಮಾಡಿದ.

ಕಿತ್ತ ಸಾಮಾನು ಬೆಂಚಿನ ಮೇಲೆ ಕಸದಂತೆ ಬಿದ್ದಿತ್ತು. ಗುಜರಿಯವನು ಕೂಗುತ್ತ ಬಂದಾಗ ಅಷ್ಟನ್ನೂ ಅವನ ಚೀಲಕ್ಕೆ ಸುರಿದ.

ನಾಲ್ಕನೆಯ ದಿನ ಗುರುಬಸವ್ವ ಬಂದಳು. ಶಂಭು ಜೇಬಿನಿಂದ ತನ್ನ ಮೊಬೈಲ್ ತೆಗೆದು ಒತ್ತಿದ. ಪೆಟ್ಟಿಗೆಯೊಳಗಿಂದ ಭಜನೆ ಹೊಮ್ಮಿತು.

"ಬುಸುಬುಸು ಒಂದೀಟೂ ಇಲ್ಲಲ್ಲೋ," ಎಂದು ಅವಳು ನಕ್ಕಳು. ಹಾಡುತ್ತಿದ್ದ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟಳು.

ಶಂಭು ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ. ಬೇವಿನ ಮರದ ತನಕ ಭಜನೆ ಕೇಳಿಸಿತು. ಮರ ದಾಟುತ್ತಲೇ ತುಂಡು ತುಂಡಾಗಿ, ಆಮೇಲೆ ನಿಂತೇಹೋಯಿತು. ದೂರ ಹೋದಳಲ್ಲ, ಅದಕ್ಕೇ ಕೇಳಿಸುತ್ತಿಲ್ಲ ಎಂದುಕೊಂಡ.

ಮರುದಿನ ಮುಂಜಾನೆ ಉಸ್ತಾದರು ಬಂದರು. ಅವರ ಹಿಂದೆಯೇ ಗುರುಬಸವ್ವನೂ ಬಂದು ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು.

"ಈತನ ಹಾಡು ಈತನ ಕೂಡೇ ಉಳೀತ್ರಿ ಸಾಹೇಬ್ರ. ನಮ್ಮ ಮನೀಗೆ ಬರಲೇ ಇಲ್ಲ."

"ನಿಮ್ಮ ಮೊಬೈಲ್ ಕೊಡ್ರಿ ಅಕ್ಕಾರ, ಜೋಡಸ್ತೀನಿ," ಎಂದ ಶಂಭು.

"ನನ್ನ ಹತ್ರ ಎಲ್ಲೈತಪ್ಪಾ ಮೊಬೈಲು? ಐದು ಮಂದಿ ಹೆಣ್ಮಕ್ಕಳು ರೊಟ್ಟಿ ಬಡೀತೀವಿ, ಕೈ ತುಂಬ ಹಿಟ್ಟು. ರೇಡಿಯೋ ತಾನ ಹಾಡ್ತಿತ್ತು, ತಾನ ಮಾತಾಡ್ತಿತ್ತು. ವಾರ್ತಾ ಬಂತಂದ್ರ ಸಾರಿಗೆ ಒಗ್ಗರಣಿ ಕೊಡ್ತಿದ್ವಿ. ಅದು ಹ್ವಾದಾಗಿಂದ ಬರೇ ನಮ್ಮ ನಮ್ಮೊಳಗ ಜಗಳ."

ಅವಳು ಗುಂಡಿ ತಿರುಗಿಸಿದಳು. ಗಾಜಿನ ಹಿಂದಿನ ಮುಳ್ಳು ಅಲ್ಲಾಡಲಿಲ್ಲ.

"ಮೊದಲಿಂದು ಹಾಕಿ ಕೊಡು ತಮ್ಮಾ. ಬುಸುಗುಟ್ಟರೂ ನಡೀತೈತಿ."

"ಗುಜರಿಗೆ ಕೊಟ್ಟೀನ್ರಿ," ಎಂದ ಶಂಭು.

ಉಸ್ತಾದರು ಬಾಯಿ ತೆರೆದದ್ದು ಆಗ. "ಅದಕ್ಕ ಏನಾಗಿತ್ತು?"

"ಹಳೇದಾಗಿತ್ರಿ ಉಸ್ತಾದ್."

"ವಯಸ್ಸು ಕೇಳಲಿಲ್ಲ ನಾ. ರೋಗ ಏನಿತ್ತು?"

ಶಂಭುವಿಗೆ ಗೊತ್ತಿರಲಿಲ್ಲ. ಅವನು ನೋಡಿಯೇ ಇರಲಿಲ್ಲ. ಏಳು ವರ್ಷ ಕಲಿತೂ ನೋಡಿರಲಿಲ್ಲ.

ಗುರುಶಿಷ್ಯರಿಬ್ಬರೂ ಗುಜರಿ ಅಂಗಡಿಗೆ ನಡೆದರು. ತಾಮ್ರದ ಸುರುಳಿಗಳನ್ನೆಲ್ಲ ಬಿಚ್ಚಿ ಸಾಗಿಸಿಯಾಗಿತ್ತು. ವಾಲ್ವುಗಳು ಗಾಜಿನ ಪುಡಿಯಾಗಿದ್ದವು. ಉಸ್ತಾದರು ಕುಕ್ಕರಗಾಲಲ್ಲಿ ಕೂತು ರಾಶಿ ಕೆದಕಿ, ಕೊನೆಗೆ ಆ ರೇಡಿಯೋದ ತಗಡಿನ ತಟ್ಟೆಯನ್ನು ಎಳೆದರು. ಅದರ ಮೇಲೊಂದು ಗಾಲಿ. ಗಾಲಿಯಿಂದ ಹರಿದ ದಾರ ಜೋತಾಡುತ್ತಿತ್ತು.

"ಮುಳ್ಳು ಎಳಿಯೋ ದಾರ," ಎಂದರು. "ಹರದಿತ್ತು. ಮುಳ್ಳು ಸ್ಟೇಷನ್ ಮುಟ್ಟಲಿಲ್ಲ. ನಡುವ ನಿಂತು ಬುಸುಗುಟ್ಟತು."

"ಅಂದ್ರ ರೇಡಿಯೋ..."

"ಜೀವಂತ ಇತ್ತು."

ಶಂಭು ಆ ಗುಜರಿಯ ನಡುವೆಯೇ ಕುಸಿದು ಕೂತ. ದಾರದ ಉಂಡೆ ಅಂಗಡಿಯಲ್ಲಿ ಅವನ ಕೈಗೆ ಎಟುಕುವಷ್ಟು ಹತ್ತಿರವೇ ಇತ್ತು. ಹತ್ತು ನಿಮಿಷದ ಕೆಲಸ. ಅವನಿಗೆ ಅಳು ಬಂತು, ಅತ್ತ.

ಅಂಗಡಿಗೆ ಮರಳಿದಾಗ ಗುರುಬಸವ್ವ ಕಾಯುತ್ತ ಕೂತಿದ್ದಳು. ಉಸ್ತಾದರು ಬಾಗಿಲ ಬಳಿಯೇ ನಿಂತು ಅವನನ್ನು ಮುಂದೆ ಬಿಟ್ಟರು. ಹೇಳಬೇಕಾದವನು ತಾನೇ ಎಂದು ಶಂಭುವಿಗೆ ತಿಳಿಯಿತು.

"ಅಕ್ಕಾರ, ನಿಮ್ಮ ರೇಡಿಯೋ ಚಲೋ ಇತ್ತು. ಒಂದು ದಾರ ಹರದಿತ್ತು, ಅಷ್ಟ. ಕೊಂದವ ನಾನ."

ಅವಳು ಪೆಟ್ಟಿಗೆಯ ಮೇಲೆ ಒಮ್ಮೆ ಕೈಯಾಡಿಸಿದಳು.

"ನಮ್ಮ ಅತ್ತಿ ಸಾಯೋ ಮುಂದ ಎರಡ ಮಾತು ಹೇಳಿದ್ಲು. ಒಲಿ ಆರಸಬ್ಯಾಡ, ರೇಡಿಯೋ ನಿಲ್ಲಸಬ್ಯಾಡ ಅಂತ."

ಬಯ್ಯಲಿಲ್ಲ. ಬಯ್ದಿದ್ದರೆ ಶಂಭುವಿಗೆ ಎಷ್ಟೋ ಹಗುರಾಗುತ್ತಿತ್ತು.

ಕಿಟಕಿಯ ಕಟ್ಟೆಯ ಮೇಲೆ ಉಸ್ತಾದರ ಸ್ವಂತ ರೇಡಿಯೋ ಇತ್ತು. ನಲವತ್ತು ವರ್ಷ ದಿನವೂ ಸಂಜೆಯ ವಾರ್ತೆಯನ್ನು ಅವರು ಅದರಲ್ಲೇ ಕೇಳಿದವರು. ಯಾರು ಎಷ್ಟು ಕೇಳಿದರೂ ಮಾರಿರಲಿಲ್ಲ. ಅದನ್ನೆತ್ತಿ ಗುರುಬಸವ್ವನ ಸಿಂಬಿಯ ಮೇಲಿಟ್ಟರು.

"ಇದು ನಿಮ್ಮ ಅತ್ತಿದಲ್ಲವ್ವಾ. ಆದ್ರ ಹಾಡ್ತೈತಿ."

"ಆ ಪೆಟಗಿ ಇಲ್ಲೇ ಇರಲಿ ಸಾಹೇಬ್ರ. ನನಗ ನೋಡಾಕ ಆಗಂಗಿಲ್ಲ," ಎಂದು ಅವಳು ಹೋದಳು.

ಸಂಜೆಯಾಯಿತು. ವಾರ್ತೆಯ ಹೊತ್ತಿಗೆ ಉಸ್ತಾದರ ಕೈ ತಾನಾಗಿ ಕಿಟಕಿಯತ್ತ ಹೋಗಿ, ಬರಿದಾಗಿ ಹಿಂದೆ ಬಂತು. ಶಂಭು ಅದನ್ನು ನೋಡಿದ.

"ಉಸ್ತಾದ್, ಎಲ್ಲಿಂದಾದರೂ ಹಳೇ ಸಾಮಾನು ಹುಡುಕಿ ತರ್ತೀನಿ. ವರ್ಷ ಹಿಡದರೂ ಹಿಡೀಲಿ. ಅವರ ರೇಡಿಯೋ ಮೊದಲಿನಂಗ ಕಟ್ಟಿ ಕೊಡ್ತೀನಿ."

"ಕಟ್ಟು."

"ಅದು ಅದ ರೇಡಿಯೋ ಆಗ್ತೈತೇನ್ರಿ?"

ಉಸ್ತಾದರು ಕಿಟಕಿಯ ಬರಿದಾದ ಕಟ್ಟೆಯನ್ನು ಒರೆಸಿದರು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಆ ಮೌನ ತಡೆಯಲಾರದೆ ಶಂಭು ಜೇಬಿಗೆ ಕೈ ಹಾಕಿದ.

"ಇವತ್ತಿನ ವಾರ್ತಾ ಮೊಬೈಲಿನ್ಯಾಗ ಹಚ್ಚಲೇನ್ರಿ?"

ಉಸ್ತಾದರು ಗುರುಬಸವ್ವನ ಮೂಕ ಪೆಟ್ಟಿಗೆಯನ್ನು ಇಬ್ಬರ ನಡುವೆ ಎಳೆದಿಟ್ಟು, ನೀಲಿ ದೀಪ ಆರಿಸಿದರು.

"ಬ್ಯಾಡ. ಕೂಡು. ನೀ ಕಿತ್ತು ಒಗದದ್ದನ್ನ ಇವತ್ತ ಇಬ್ಬರೂ ಕೇಳೋಣು."